ತೀರ್ಥನ್ ಹೊಳೆಗೆ ಒಯ್ಯುವ ಚೀಲ

ದಿಲ್ಲಿಯಿಂದ ಮನಾಲಿಗೆ ಹೋಗುವ ರಾತ್ರಿಯ ಬಸ್ಸು ಔಟ್ ಎಂಬಲ್ಲಿ ಒಂದು ದೊಡ್ಡ ಸುರಂಗದ ಬಾಯಿಗೆ ಬರುತ್ತದೆ. ಮನಾಲಿಯ ಪ್ರವಾಸಿಗಳು ಸುರಂಗದೊಳಕ್ಕೆ ಸಾಗುತ್ತಾರೆ, ನಾವು ಇಳಿದುಬಿಡುತ್ತೇವೆ. ಅಲ್ಲಿಂದ ಬಂಜಾರಿಗೆ ಬೇರೆ ಬಸ್ಸು, ಬಂಜಾರಿನಿಂದ ಗುಶೈಣಿಗೆ ಇನ್ನೊಂದು. ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಕೂಡುವ ತೀರ್ಥನ್ ಹೊಳೆ ಹಾದಿಯುದ್ದಕ್ಕೂ ಜೊತೆಗಿರುತ್ತದೆ. ಬೇಸಿಗೆಯ ಬೆಳಗ್ಗೆ ನೀರು ಎಷ್ಟು ತಿಳಿಯೆಂದರೆ ತಳದ ಗುಂಡುಕಲ್ಲುಗಳನ್ನು ಕುಳಿತಲ್ಲಿಂದಲೇ ಎಣಿಸಬಹುದು.

ನಾವೆಂದರೆ ಒಂದೇ ಕಚೇರಿಯ ಮೂವರು ಗುಮಾಸ್ತರು. ಇಬ್ಬರು ಕನ್ನಡಿಗರು; ಮೂರನೆಯವರು ಬಂಜಾರಿನ ಕಡೆಯ ಪಹಾಡಿ ಮಿತ್ರರು. ನಮಗೆ ಈ ಹುಚ್ಚು ಹಿಡಿಸಿದವರು ಅವರೇ. ಹೋವೆಲ್ ಎಂಬ ಆಂಗ್ಲ ಅಧಿಕಾರಿ 1909ರಲ್ಲಿ ಕುಲು ಕಣಿವೆಯಲ್ಲಿ ಟ್ರೌಟ್ ಮೀನಿನ ಮರಿ ಸಾಕುವುದಕ್ಕೆ ಆರಂಭಿಸಿದನು. ಪರದೇಶದ ಆ ಮೀನು ಈಗ ಈ ಹೊಳೆಗಳ ಮನೆಮಗಳಂತಾಗಿದೆ.

ಫ್ಲೈ ಮೀನುಗಾರಿಕೆಯೆಂದರೆ ಎರೆಹುಳು ಚುಚ್ಚಿ ದಂಡೆಯಲ್ಲಿ ಕಾಯುವ ಗಾಳವಲ್ಲ. ಸಣ್ಣ ಕೊಕ್ಕೆಗೆ ಹಕ್ಕಿಗರಿ, ರೋಮ, ನೂಲು ಸುತ್ತಿ ನೊಣದ ಹಾಗೆ ಮಾಡಬೇಕು. ಅದಕ್ಕೆ ತೂಕವಿಲ್ಲದ್ದರಿಂದ ದಪ್ಪ ದಾರದ ಬೀಸಿನಿಂದಲೇ ಅದನ್ನು ನೀರಿನ ಮೇಲೆ ಇಳಿಸಬೇಕು. ಕೋಲು, ರೀಲು, ನೊಣಗಳ ಡಬ್ಬಿ, ಸಣ್ಣ ದಾರದ ಸುರುಳಿಗಳು, ಕೊಕ್ಕೆ ಬಿಡಿಸುವ ಚಿಮಟ, ಕೈಬಲೆ, ನೀರಿಗಿಳಿಯುವ ಬೂಟು, ಇಷ್ಟೆಲ್ಲ ಬೇಕು. ನಮ್ಮ ಮಲೆನಾಡಿನಲ್ಲಿ ಗಾಳಕ್ಕೆ ಹೊರಟವನಿಗೆ ಚೀಲದ ಚಿಂತೆಯೆಲ್ಲಿ? ಹುಳು ತೆಂಗಿನ ಗೆರಟೆಯಲ್ಲಿ, ಸಿಕ್ಕ ಮೀನು ಬಳ್ಳಿಯಲ್ಲಿ. ಇಲ್ಲಿ ಹಾಗಲ್ಲ.

ಚೀಲ ಕೊಳ್ಳುವುದಕ್ಕೆ ದಿಲ್ಲಿಯ ಅಂಗಡಿಯೊಂದಕ್ಕೆ ಹೋದಾಗ ಅಂಗಡಿಯಾತ ಹತ್ತೆಂಟು ಅರೆಗಳಿದ್ದ ಭಾರಿ ಚೀಲವೊಂದನ್ನು ಮುಂದಿಟ್ಟು, "ಬಾಬೂಜಿ, ಇದರಲ್ಲಿ ಸಂಸಾರವನ್ನೇ ತುಂಬಬಹುದು" ಎಂದನು. ಪಹಾಡಿ ಮಿತ್ರರು ಶಾಂತವಾಗಿ, "ಸಂಸಾರ ಹೊತ್ತು ಹೊಳೆಗೆ ಇಳಿಯುವವರು ಯಾರಪ್ಪಾ?" ಎಂದು ಕೇಳಿದರು. ವಿಷಯವೆಲ್ಲ ಆ ಮಾತಿನಲ್ಲೇ ಇದೆಯೆಂದು ನಮಗೆ ತೋರುತ್ತದೆ. ಬಸ್ಸಿಗೆ ಒಪ್ಪುವ ಚೀಲ ಬೇರೆ, ಹೊಳೆಗೆ ಒಪ್ಪುವುದು ಬೇರೆ.

ಬಸ್ಸಿಗೆ ಬೇಕಾದದ್ದು ಗಟ್ಟಿತನ. ಒಂಬತ್ತು ಅಡಿಯ ಕೋಲು ನಾಲ್ಕು ತುಂಡಾಗುವಂಥದಾದರೆ ಸುಮಾರು 30 ಅಂಗುಲದ ಕೊಳವೆಯಲ್ಲಿ ಅಡಗುತ್ತದೆ. ಎರಡೇ ತುಂಡಿನದಾದರೆ ಕೊಳವೆ ನಾಲ್ಕೂವರೆ ಅಡಿಯನ್ನು ಮೀರಿ, ಕಂಡಕ್ಟರನಿಗೂ ನಮಗೂ ವಾಗ್ವಾದವಾಗುತ್ತದೆ. ಆದ್ದರಿಂದ ಚೀಲ ಕೊಳ್ಳುವವರು ಕೊಳವೆಯನ್ನು ಅಂಗಡಿಗೇ ಒಯ್ದು, ಒಳಗಿಟ್ಟು, ಹೆಗಲಿಗೇರಿಸಿ ನಾಲ್ಕು ಹೆಜ್ಜೆ ನಡೆದು ನೋಡುವುದು ಲೇಸು. ಅಂಗಡಿಯವರು ನಕ್ಕರೆ ನಗಲಿ.

ಹೊಳೆಯ ಚೀಲದ ವಿಚಾರ ಇಷ್ಟು ಹಗುರವಲ್ಲ. ತೀರ್ಥನ್‌ನ ಕಲ್ಲುಗಳು ಪಾಚಿಗಟ್ಟಿ ಸಾಬೂನಿನಂತೆ ಜಾರುತ್ತವೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಹಿಮ ಕರಗಿದ ನೀರು ಸದ್ದಿಲ್ಲದೆ ಏರುತ್ತದೆ. ಬೆಳಗ್ಗೆ ಮೊಣಕಾಲಿಗಿದ್ದ ಕಡವು ಸಂಜೆಗೆ ತೊಡೆಗೆ ಬರುತ್ತದೆ. ಸೊಂಟದ ಚೀಲ ಆಗ ನೀರು ಕುಡಿಯುತ್ತದೆ. ಒಂದೇ ಹೆಗಲಿಗೆ ತೂಗುವ ಚೀಲ ಮುಂದಕ್ಕೆ ಸರಿಸಿಕೊಳ್ಳಲು ಸುಲಭ, ಆದರೆ ಸಂಜೆಯ ಹೊತ್ತಿಗೆ ಆ ಹೆಗಲು ದೂರು ಹೇಳುತ್ತದೆ. ಎದೆಯ ಚೀಲದಲ್ಲಿ ಎಲ್ಲವೂ ಕೈಗೆ ಸಿಕ್ಕುತ್ತವೆ. ಆದರೆ ಅದು ಉಬ್ಬಿಕೊಂಡಿತೋ, ನಮ್ಮ ಪಾದವೇ ನಮಗೆ ಕಾಣದು. ಪಾದ ಕಾಣದವನು ಹೊಳೆಯಲ್ಲಿ ಹೆಜ್ಜೆಯಿಡಬಾರದು. ಒಂದು ಮುಷ್ಟಿಗಿಂತ ದಪ್ಪವಾಗದ ಎದೆಯ ಚೀಲವೇ ಸಾಕೆಂದು ನಮ್ಮ ತೀರ್ಮಾನ. ಒಂದು ಡಬ್ಬಿ, ಎರಡು ಸುರುಳಿ, ಚಿಮಟ. ಉಳಿದದ್ದು ಬುತ್ತಿಯೊಂದಿಗೆ ದಂಡೆಯಲ್ಲಿರಲಿ. ಹಿಡಿದ ಮೀನನ್ನು ಹೆಚ್ಚಾಗಿ ನೀರಿಗೇ ಬಿಡುವ ನಮಗೆ ಹಳೆಯ ಕಾಲದ ಬೆತ್ತದ ಬುಟ್ಟಿಯೂ ಬೇಡ.

ಇನ್ನೊಂದು ಮಾತನ್ನು ಮಿತ್ರರು ಪಟ್ಟು ಹಿಡಿದು ಹೇಳುತ್ತಾರೆ. ಚೀಲದ ಪಟ್ಟಿಯ ಕೊಂಡಿಯನ್ನು ಒದ್ದೆಯಾದ ಒಂದೇ ಕೈಯಿಂದ, ಕಣ್ಣು ಮುಚ್ಚಿಕೊಂಡು ಬಿಚ್ಚಲು ಬರಬೇಕು. ಬಿದ್ದವನನ್ನು ಸೆಳವು ಎಳೆಯುವಾಗ ಪಟ್ಟಿ ಯಾವುದಾದರೂ ಬೊಡ್ಡೆಗೆ ಸಿಕ್ಕಿದರೆ ಗಂಟು ಬಿಚ್ಚುತ್ತಾ ಕೂರುವ ವ್ಯವಧಾನ ಇರುವುದಿಲ್ಲ. ಅಂದವಾದ ಎರಡು ಚೀಲಗಳನ್ನು ನಾವು ಈ ಒಂದು ಕಾರಣಕ್ಕಾಗಿಯೇ ಅಂಗಡಿಯಲ್ಲಿ ಬಿಟ್ಟು ಬಂದೆವು.

ಹೊರಗಿನ ನೀರನ್ನು ಒಳಕ್ಕೆ ಬಿಡದ ಚೀಲ ಒಳಗಿನ ನೀರನ್ನು ಹೊರಕ್ಕೂ ಬಿಡುವುದಿಲ್ಲವೆಂಬುದು ದಿಲ್ಲಿಗೆ ಮರಳಿದ ಮೇಲೆ ತಿಳಿಯುತ್ತದೆ. ಒದ್ದೆಯ ಸಾಮಾನನ್ನು ಅದರಲ್ಲೇ ಮುಚ್ಚಿಟ್ಟರೆ ಕೋಲಿನ ಬಿರಡೆಯ ಹಿಡಿಗೆ ಬೂಸ್ಟು, ಕೊಕ್ಕೆಗೆ ತುಕ್ಕು. ಬೂಟುಗಳಿಗೆ ನಮ್ಮ ಮನೆಯವರು ಕೊಟ್ಟ ಉಪಾಯ ಯಾವ ಅಂಗಡಿಯಲ್ಲೂ ಇಲ್ಲ: ಈರುಳ್ಳಿ ಬರುವ ಬಲೆಯ ಚೀಲ! ನೀರು ಸೋರುತ್ತದೆ, ಗಾಳಿಯಾಡುತ್ತದೆ, ಬಾಲ್ಕನಿಯ ಮೊಳೆಗೆ ತೂಗುತ್ತದೆ. ಡೀಟ್ ಬೆರೆತ ಸೊಳ್ಳೆ ಎಣ್ಣೆಯ ಸೀಸೆಯನ್ನು ಮಾತ್ರ ದಾರದೊಡನೆ ಇಡಬಾರದು. ಅದು ಪ್ಲಾಸ್ಟಿಕ್ಕನ್ನೂ ದಾರದ ಮೇಲ್ಪದರವನ್ನೂ ಕರಗಿಸುತ್ತದೆ.

ನಮ್ಮ ಪಹಾಡಿ ಮಿತ್ರರದು ಬಿದಿರು ಸೀಳಿ ಅಂಟಿಸಿ ಮಾಡಿದ ಹಳೆಯ ಕೋಲು, ಅವರ ತೀರಿಕೊಂಡ ತಂದೆಯದು. ಕಾರ್ಬನ್ ಕೋಲು ಮುರಿದರೆ ಸಾಲ ಮಾಡಿಯಾದರೂ ಇನ್ನೊಂದನ್ನು ತರಬಹುದು. ಇದಕ್ಕೆ ತೇವ ತಗಲಿ ವಾರ್ನಿಷ್ ಎದ್ದು ಸೊಟ್ಟಗಾದರೆ ತರುವುದೆಲ್ಲಿಂದ? ಅವರು ಅದನ್ನು ಒರೆಸಿ, ಎರಡು ದಿನ ನೆರಳಿನಲ್ಲಿ ಆರಿಸಿ, ಹತ್ತಿಯ ಗವುಸಿಗೆ ಹಾಕಿ, ಕೊಳವೆಯನ್ನು ಮುಟ್ಟಿಸದೆ ಗೋಡೆಗೆ ನೆಟ್ಟಗೆ ತೂಗುಹಾಕುತ್ತಾರೆ. ಹಳೆಯ ಗವುಸು ಹರಿದಾಗ ನಮ್ಮ ಮನೆಯವರು ಹಳೆಯ ಪಂಚೆಯೊಂದರಿಂದ ಹೊಸದನ್ನು ಹೊಲಿದುಕೊಟ್ಟರು. ಮಿತ್ರರು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, "ಭಾಭೀಜಿ, ಇದಕ್ಕೆ ಎಷ್ಟು ಕೊಡಲಿ?" ಎಂದು ಕೇಳಿ ಬೈಸಿಕೊಂಡರು.

ಮೀನು ಮೊಟ್ಟೆಯಿಡುವ ಕಾಲವೆಂದು ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಆ ಹೊಳೆಯಲ್ಲಿ ಗಾಳ ಹಾಕುವಂತಿಲ್ಲ. ಮಾರ್ಚಿಯಲ್ಲಿ ಹೋಗುವವರು ಮೊದಲು ಮೀನುಗಾರಿಕೆ ಇಲಾಖೆಯ ಪರವಾನಿಗೆ ಪಡೆದು, ಅದನ್ನು ಎಣ್ಣೆಕಾಗದದಲ್ಲಿ ಸುತ್ತಿ ಎದೆಯ ಚೀಲದಲ್ಲೇ ಇಟ್ಟುಕೊಳ್ಳಲಿ. ಕಾವಲುಗಾರರು ದಂಡೆಗೇ ಬಂದು ಕೇಳುತ್ತಾರೆ.