ಇಲ್ಲ ಅಂತಿರೋದು ಯಾರು?

2011ರಲ್ಲಿ ನಮ್ಮ ಆಫೀಸು ಜಯನಗರದ ಒಂದು ಮನೆಯ ಮೇಲ್ಮಹಡಿಯಲ್ಲಿತ್ತು. ಹನ್ನೆರಡು ಜನ, ಒಂದು ಸರ್ವರ್. ಅದರಲ್ಲಿ ಸೆಂಟ್‌ಓಎಸ್ 5, ಅದರ ಜೊತೆಗೇ ಬಂದ ಪೈಥಾನ್ 2.4. ನನಗೆ ಬೇಕಿದ್ದ ಲೈಬ್ರರಿ ಓಡುವುದು 2.7ರಲ್ಲಿ. ಒಂದು ಸಂಜೆ 2.7ರ ಸೋರ್ಸ್ ಇಳಿಸಿಕೊಂಡು, ಕಂಪೈಲ್ ಮಾಡಿ, ಹಳೆಯದರ ಜಾಗದಲ್ಲೇ ಕೂರಿಸಿದೆ. ಪ್ರೋಗ್ರಾಂ ಓಡಿತು, ಮನೆಗೆ ಹೋದೆ. ಬೆಳಿಗ್ಗೆ ಇನ್ನೊಂದು ಪ್ಯಾಕೇಜ್ ಹಾಕೋಣವೆಂದು ಯಮ್ ಕಮಾಂಡ್ ಕೊಟ್ಟರೆ 'ನೋ ಮಾಡ್ಯೂಲ್ ನೇಮ್ಡ್ ಯಮ್' ಎಂದಿತು. ಆ ಸರ್ವರಿಗೆ ಯಾವ ಪ್ಯಾಕೇಜ್ ಹಾಕಬೇಕಾದರೂ ಯಮ್ ಮೂಲಕವೇ. ನನ್ನ ಕೈಕಾಲು ತಣ್ಣಗಾದವು.

ಸರ್ವರ್ ನೋಡಿಕೊಳ್ಳುತ್ತಿದ್ದ ಹಿರಿಯರು ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ. "ಇಲ್ಲ ಅಂತಿರೋದು ಯಾರು ಅಂತ ಮೊದಲು ನೋಡಪ್ಪ" ಎಂದರು. ಯಮ್ ಕೂಡ ಪೈಥಾನಿನಲ್ಲಿ ಬರೆದದ್ದೇ. ಅದರ ಮಾಡ್ಯೂಲ್‌ಗಳು ಎಲ್ಲೂ ಹೋಗಿರಲಿಲ್ಲ, 2.4ರ ಫೋಲ್ಡರಿನಲ್ಲಿ ಹಾಗೇ ಇದ್ದವು. 2.7 ತನ್ನ ಫೋಲ್ಡರಿನಲ್ಲಿ ಮಾತ್ರ ಹುಡುಕಿ ಇಲ್ಲ ಎನ್ನುತ್ತಿತ್ತು. ಅವರು ಯಮ್ ಫೈಲಿನ ಮೊದಲ ಸಾಲಿನಲ್ಲಿ ಪೈಥಾನ್ 2.4 ಎಂದು ತಿದ್ದಿದರು, ಅಷ್ಟೇ. ಹೊಸದನ್ನು ಹಳೆಯದರ ಮೇಲೆ ಕೂರಿಸದೆ ಪಕ್ಕದಲ್ಲಿ ಇಡಲು 'ಮೇಕ್ ಆಲ್ಟ್‌ಇನ್‌ಸ್ಟಾಲ್' ಇದೆ ಎಂಬುದನ್ನೂ ಅವತ್ತೇ ಹೇಳಿಕೊಟ್ಟರು.

ಅವರ ಆ ಒಂದು ಮಾತಿನಲ್ಲೇ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಮಾಡ್ಯೂಲ್ ಇಲ್ಲ ಎಂದು ಯಾರಾದರೂ ಬಂದರೆ, ಹತ್ತರಲ್ಲಿ ಎಂಟು ಸಲ ಅವರು ಪಿಪ್ ಓಡಿಸಿದ್ದು ಒಂದು ಪೈಥಾನಿಗೆ, ಪ್ರೋಗ್ರಾಂ ಓಡಿಸಿದ್ದು ಇನ್ನೊಂದರಲ್ಲಿ. ಸಿಸ್‌ನ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿಸಿದರೆ ಯಾವುದು ಓಡುತ್ತಿದೆ ಎಂದು ತಿಳಿಯುತ್ತದೆ. ಮುಂದೆ ವರ್ಚುವಲ್‌ಎನ್ವ್ ಕಲಿತೆ. ಯಂತ್ರಕ್ಕೊಂದು ಪೈಥಾನ್ ಎಂಬ ಕಾಲ ಹೋಗಿ, ಪ್ರಾಜೆಕ್ಟಿಗೊಂದು ಪೈಥಾನ್ ಎಂಬ ಕಾಲ ಬಂತು. ಆಮೇಲೆ, ಬೇಕಾದ ಪೈಥಾನನ್ನು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಡುವ ಪೈಎನ್ವ್. ಅಲ್ಲಿ ಬೇರೆಯದೇ ಕಷ್ಟ. ಉಬುಂಟುವಿನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಡೆವ್ ಪ್ಯಾಕೇಜ್ ಇಲ್ಲದೆ ಕಂಪೈಲ್ ಮಾಡಿದ ಪೈಥಾನಿಗೆ ಎಸ್‌ಎಸ್‌ಎಲ್ ಮಾಡ್ಯೂಲೇ ಇರುವುದಿಲ್ಲ. ಅದನ್ನು ಪಿಪ್ ಕೊಡಲಾರದು, ಪ್ಯಾಕೇಜ್ ಹಾಕಿ ಮತ್ತೆ ಕಂಪೈಲ್ ಮಾಡಲೇಬೇಕು.

ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ನಮ್ಮಲ್ಲಿ ಬಹಳ ಕಾಲ ಅದನ್ನು ಯಾರೂ ಮುಟ್ಟಲಿಲ್ಲ. 2015ಕ್ಕೆ ಮುಗಿಯಬೇಕಿದ್ದ ಪೈಥಾನ್ 2ರ ಆಯುಷ್ಯವನ್ನು 2020ರ ಜನವರಿ 1ಕ್ಕೆ ಮುಂದೂಡಿದ್ದರಿಂದ ನಮಗೂ ಅವಸರವಿರಲಿಲ್ಲ. ಅರ್‌ಲಿಬ್2 ಇಲ್ಲ, ಕಾನ್ಫಿಗ್‌ಪಾರ್ಸರ್ ಇಲ್ಲ ಎಂಬ ತಕರಾರುಗಳ ಹೆದರಿಕೆ ಬೇರೆ. ಒಂದರ ಮನೆ ಬದಲಾಗಿತ್ತು, ಇನ್ನೊಂದರ ಹೆಸರಿನ ದೊಡ್ಡಕ್ಷರಗಳು ಚಿಕ್ಕವಾಗಿದ್ದವು. ನನ್ನನ್ನು ಕೊನೆಗೆ ಆ ಕಡೆಗೆ ಎಳೆದದ್ದು ಕನ್ನಡ. 'ಕನ್ನಡ' ಎಂಬ ಪದದ ಉದ್ದ ಕೇಳಿದರೆ ನಮ್ಮ ಹಳೆಯ ಪ್ರೋಗ್ರಾಂ 15 ಎನ್ನುತ್ತಿತ್ತು, ಅದು ಎಣಿಸುತ್ತಿದ್ದದ್ದು ಬೈಟ್‌ಗಳನ್ನು. ಪೈಥಾನ್ 3 ಹೇಳಿದ್ದು 5. ನಾವು ಓದುವ ಮೂರು ಅಕ್ಷರ ಅದೂ ಅಲ್ಲ, ಆದರೂ ಒತ್ತಕ್ಷರದ ವಿರಾಮವನ್ನು ಸೇರಿಸಿ ಎಣಿಸಿದ ಆ ಲೆಕ್ಕ ಕಂಡು ಅವತ್ತು ಮನಸ್ಸು ತುಂಬಿತು. ಗಿರಾಕಿಗಳ ಹೆಸರನ್ನು ಕನ್ನಡದಲ್ಲಿ ಹಾಕಿದಾಗೆಲ್ಲ ಎದುರಾಗುತ್ತಿದ್ದ ಆಸ್ಕಿ ಎರರ್ ಆಮೇಲೆ ಕಾಣಲಿಲ್ಲ.

ಮೊನ್ನೆ ನಮ್ಮ ಹಳೆಯ ಸ್ಕ್ರಿಪ್ಟೊಂದು ಡಿಸ್ಟ್‌ಯುಟಿಲ್ಸ್ ಇಲ್ಲ ಎಂದು ನಿಂತಿತು. ಹೊಸದಾಗಿ ಸೇರಿದ ಹುಡುಗಿ ತಕ್ಷಣ ಪಿಪ್‌ಗೆ ಕೈಹಾಕಲಿಲ್ಲ. ವರ್ಷನ್ ನೋಡಿ, "ಸಾರ್, ಇದು 3.12. ಇದರಲ್ಲಿ ಡಿಸ್ಟ್‌ಯುಟಿಲ್ಸ್ ನಿಜವಾಗ್ಲೂ ತೆಗೆದುಬಿಟ್ಟಿದಾರೆ. ಈ ಪ್ರಾಜೆಕ್ಟ್‌ಗೆ ಸದ್ಯಕ್ಕೆ 3.11 ಹಾಕ್ಲಾ?" ಎಂದಳು.

"ಹಾಕಮ್ಮ" ಎಂದೆ.