ಬಸ್ಸಿನ ಬೋರ್ಡು ಓದುವ ತನಕ

ಬ್ಯಾಡಗಿ,
ಫೆಬ್ರುವರಿಯ ಒಂದು ಶನಿವಾರ

ಪ್ರೀತಿಯ ಅಕ್ಕಾವರೇ,

ಹಾವೇರಿಯಿಂದ ಬಂದ ನಿಮ್ಮ ಕಾಗದದಲ್ಲಿ ಈ ಸಲ ಮೆಚ್ಚುಗೆಗಿಂತ ಸಿಟ್ಟೇ ಜಾಸ್ತಿ ಇತ್ತು. ರಾಣೇಬೆನ್ನೂರಿನ ಕನ್ನಡ ಸಾಲಿಯಲ್ಲಿ ಒಂದನೇ ಇಯತ್ತೆ ಓದುವ ಮೊಮ್ಮಗಳಿಗೆ "ಅ ಆ ಇ ಈ ಹೇಳವಾ" ಅಂದರೆ "ರ ಗ ಸ ದ ಅ" ಅನ್ನುತ್ತಾಳಂತೆ. "ಅಕ್ಕೋರು ಹಾಡು ಕುಣಿತ ಬಿಟ್ಟು ಮತ್ತೇನು ಕಲಿಸ್ತಾರ?" ಎಂದು ಕೇಳಿದ್ದೀರಿ. ನಾನೂ ಅಂಥದೇ ನಲಿ-ಕಲಿ ಕೋಣೆಯ ಅಕ್ಕೋರು. ಉತ್ತರಕ್ಕೆ ನಮ್ಮ ಒಂದು ವಾರವನ್ನೇ ಬರೆಯುತ್ತೇನೆ.

ಮೊದಲು ಆ ರ ಗ ಸ ದ ಅ. ಇವು ಸುಲಭವಾಗಿ ಕೈಗೆ ಹತ್ತುವ ದುಂಡನೆಯ ಅಕ್ಷರಗಳು. ಐದು ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದತೊಡಗುತ್ತದೆ. ನಾವು ಐವತ್ತು ಅಕ್ಷರವನ್ನು ಬಾಯಿಪಾಠ ಒಪ್ಪಿಸಿದ ಮೇಲೂ ಒಂದು ಪದ ಕೂಡಿಸಲು ತಿಣುಕುತ್ತಿದ್ದೆವಲ್ಲ, ಅದಕ್ಕೆ ಕಂಡುಕೊಂಡ ದಾರಿ ಇದು. ವರ್ಣಮಾಲೆಯ ಸಾಲು ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ಬರುತ್ತದೆ.

ಇನ್ನು ನಮ್ಮ ಸೋಮವಾರ. ಸೋಮವಾರ, ಗುರುವಾರ ಎಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರಿನ ದಿನ. ಸುಗ್ಗಿಯ ಈ ತಿಂಗಳುಗಳಲ್ಲಿ ತಾಯಂದಿರು ತೊಟ್ಟು ಬಿಡಿಸುವ ಕೆಲಸಕ್ಕೆ ನಸುಕಿಗೇ ಹೊರಡುತ್ತಾರೆ. ಮನೆಯಲ್ಲಿ ಕೂಸು ಇದ್ದರೆ ಅದನ್ನು ಆಡಿಸಲು ದೊಡ್ಡವಳು ಉಳಿಯಬೇಕು. ಆ ದೊಡ್ಡವಳಿಗೆ ಏಳು ವರ್ಷ. ಬಂದ ಮಕ್ಕಳು ತಮ್ಮ ಹಾಜರಿ ತಾವೇ ಹಾಕಿ ಹವಾಮಾನದ ಪಟ್ಟಿಯ ಮುಂದೆ ನಿಂತರು. ಎಲ್ಲರೂ "ಬಿಸಿಲು" ಅಂದರೆ ಒಬ್ಬ ಮಾತ್ರ "ಗಾಳಿರೀ" ಎಂದು ಹಟ ಹಿಡಿದ. ಯಾಕೋ ಎಂದೆ. "ಪ್ಯಾಟಿ ಖಾರ ಮೂಗಿಗೆ ಬರಾಕತ್ತೈತ್ರೀ." ಕೋಣೆಯಲ್ಲಿ ಸೀನಿದವರನ್ನು ಲೆಕ್ಕ ಹಿಡಿದ ಮೇಲೆ ಅವನ ಮಾತೇ ಗೆದ್ದಿತು. ಕಣ್ಣಿಗೆ ಕಾಣದ ಗಾಳಿಗೆ ಸಾಕ್ಷಿ ಒದಗಿಸಿದ್ದನಲ್ಲ, ಪರಿಸರ ಅಧ್ಯಯನದಲ್ಲಿ ನಾನು ಕಲಿಸಬೇಕಾದದ್ದೂ ಅದೇ.

ವಾರದ ನಡುವೆ ಗಣಿತ ಅಡುಗೆ ಕೋಣೆಯಿಂದ ಬಂತು. ಬಿಸಿಯೂಟದ ಜೊತೆ ಕೊಡಲು ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು ಬೇಕೆಂದು ಹೇಳಿ ಕಳಿಸುವುದು ಎರಡನೇ ಇಯತ್ತೆಯವರ ಪಾಳಿ. ತಿನ್ನುವವರು ಕೈ ಎತ್ತಿದರು, ತಿನ್ನದವರೂ ಎತ್ತಿದರು, ಕೂಡಿಸಿದರೆ ಹಾಜರಿಗಿಂತ ಎರಡು ಹೆಚ್ಚು! ಇಬ್ಬರು ಎರಡಕ್ಕೂ ಕೈ ಎತ್ತಿದ್ದರು. ಅವರನ್ನು ಪತ್ತೆ ಹಚ್ಚುವಷ್ಟರಲ್ಲಿ ಕೂಡಿಸುವುದು, ಕಳೆಯುವುದು, ತಾಳೆ ನೋಡುವುದು ಮೂರೂ ಆದವು. ಪಾಟಿಯ ಮೇಲೆ ಅದರ ಗುರುತು ಉಳಿಯಲಿಲ್ಲ. ನಿಮ್ಮ ಮೊಮ್ಮಗಳ ಪಾಟಿಯೂ ಖಾಲಿ ಎಂದಿರಿ, ಅದಕ್ಕೇ ಇದನ್ನು ಬರೆದೆ.

ಸೋಮವಾರ, ಗುರುವಾರ ಎರಡೂ ದಿನ ಬಾರದಿದ್ದ ಹುಡುಗಿ ಶುಕ್ರವಾರ ಬಂದಳು. ಹಳೆಯ ಪದ್ಧತಿಯಲ್ಲಾದರೆ ಪಾಠ ಮುಂದೆ ಹೋಗಿ ಅವಳು ಹಿಂದೆ ಬೀಳುತ್ತಿದ್ದಳು. ಇಲ್ಲಿ ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ, ಎಲ್ಲಿ ಬಿಟ್ಟಿದ್ದಳೋ ಅದೇ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ಅದರ ಗುರುತಿನ ಗುಂಪಿನ ತಟ್ಟೆಯ ಬಳಿ ಕೂತಳು. ತಟ್ಟೆಗಳು ಐದು: ಅಕ್ಕೋರ ಪೂರ್ತಿ ಸಹಾಯದಲ್ಲಿ ಕಲಿಯುವವರದು ಒಂದು, ಅರೆಸಹಾಯದವರದು ಒಂದು, ಗೆಳೆಯರ ನೆರವಿನವು ಎರಡು, ತಾವೇ ಕಲಿಯುವವರದು ಕೊನೆಯದು. ಒಂದರಿಂದ ಮೂರನೇ ಇಯತ್ತೆಯವರೆಗಿನ ಮಕ್ಕಳು ಕೂಡಿಯೇ ಕೂಡುವುದರಿಂದ ಮೂರನೆಯ ಹುಡುಗಿಯೊಬ್ಬಳು ಅವಳಿಗೆ ಕಾಗುಣಿತ ಹೇಳಿಕೊಟ್ಟಳು. ಹೇಳಿಕೊಡುತ್ತ ತನ್ನ ಏತ್ವ ಐತ್ವದ ಗೊಂದಲವನ್ನೂ ಬಿಡಿಸಿಕೊಂಡಳು.

ನಲಿ-ಕಲಿ ಮೇಜಿನ ಮುಂದೆ ಕೂತವರು ಹೆಣೆದ ಪದ್ಧತಿಯಲ್ಲ, ಅಕ್ಕಾ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡದ್ದು. ಅದು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕೂಲಿಗೆ, ಕೂಸಿಗೆ, ಸುಗ್ಗಿಗೆ ಸಾಲಿ ತಪ್ಪಿಸುವ ಮಕ್ಕಳಿರುವ ಊರುಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಕುಂದಿಲ್ಲ ಅನ್ನಲಾರೆ. ನಾನು ಒಂದು ತಟ್ಟೆಯ ಬಳಿ ಕೂತಾಗ ಕೊನೆಯ ತಟ್ಟೆಯವರು ಕಾರ್ಡಿನ ಅಂಚು ಕಚ್ಚುತ್ತ ಕೂಡುವುದೂ ಉಂಟು. ಬಿಟ್ಟ ಮೆಟ್ಟಿಲು ಮಗುವಿಗಾಗಿ ಕಾಯುತ್ತದೆ, ನಿಜ. ಹಾಗೆಂದು ನಾವೂ ಕಾಯುತ್ತ ಕೂತರೆ ಮಗು ಮೂರನೇ ಇಯತ್ತೆಗೆ ಬಂದರೂ ಅದೇ ಮೆಟ್ಟಿಲಲ್ಲಿ ನಿಂತಿರುತ್ತದೆ. ಯಾರು ಎಲ್ಲಿ ನಿಂತಿದ್ದಾರೆಂದು ದಿನಾ ನೋಡುವ ಕಣ್ಣಿಲ್ಲದಿದ್ದರೆ ಏಣಿ ಬರೀ ಗೋಡೆಯ ಚಿತ್ರ.

ಇವತ್ತು ಮುಂಜಾನೆಯ ಸಾಲಿ. ಹಲಗೆಯ ಮೇಲೆ ಬಸ್ಸಿನ ಬೋರ್ಡು ಬರೆದು ಓದಿಸಿದೆ. ಕಾಗುಣಿತ ಮುಟ್ಟಿದವರೆಲ್ಲ "ಹಾವೇರಿ"ಗೆ ಹೋಗಿ ಇಳಿದರು, ಅದರಲ್ಲಿ ಒತ್ತಕ್ಷರವಿಲ್ಲ ನೋಡಿ. "ಬ್ಯಾಡಗಿ"ಯ ಬ್ಯಾ ಹಲವರನ್ನು ತಡೆಯಿತು. ದಿನಾ ನೋಡುವ ಬೋರ್ಡೆಂದು ಊಹಿಸಿ ಹೇಳಿದವರೂ ಇದ್ದರು, ಅವರಿಗೆ ಬಿಡಿಸಿ ಓದಲು ಹೇಳಿದೆ. "ರಾಣೇಬೆನ್ನೂರು" ತನಕ ಹೋದವರು ಮೂರನೆಯ ಕೆಲವರು ಮಾತ್ರ.

ಮೊಮ್ಮಗಳು ಮುಂದಿನ ಸಲ ಬಂದಾಗ ಎಷ್ಟು ಪುಟ ಆಯಿತೆಂದು ಕೇಳಬೇಡಿ. ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ಮೊದಲೇ ಹೋಗಿ ನಿಂತು, ಊರಿಗೆ ಹೋಗುವ ಬಸ್ಸನ್ನು ಅವಳಿಂದಲೇ ಹುಡುಕಿಸಿ. ತಡವರಿಸಿದರೆ ಬಾಯಿ ಹಾಕಬೇಡಿ, ಒಂದು ಬಸ್ಸು ತಪ್ಪಿದರೂ ತಪ್ಪಲಿ. ಎಲ್ಲಿ ಮುಗ್ಗರಿಸಿದಳೆಂದು ಗುರುತಿಟ್ಟು ಅವಳ ಅಕ್ಕೋರಿಗೆ ತಿಳಿಸಿ, ನನಗೂ ಬರೆಯಿರಿ.

ಇಂತಿ ನಿಮ್ಮ,
ಸಾಲಿ ತಂಗಿ