ಮನೆ ಬಿಟ್ಟ ಕುಶಲಿಗಳ ನಾಡಿನಲ್ಲಿ

ಘಟ್ಟದ ಮೇಲಣ ಊರುಗಳನ್ನು ನೋಡಬೇಕೆನ್ನುವವರು ಮಳೆಗಾಲ ಕಳೆದು, ಅಡಿಕೆಯ ಕೊಯ್ಲು ಮುಗಿಯುತ್ತ ಬಂದಿರುವ ಮಾಘಮಾಸದಲ್ಲಿ ಹೋಗುವುದು ಲೇಸು. ಆಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳ ಮನೆಯಂಗಳದಲ್ಲೆಲ್ಲ ಅಡಿಕೆ ಹರವಿರುತ್ತದೆ. ಬೆಳಗಿನ ಮಂಜು ತೋಟದ ಕಣಿವೆಯಲ್ಲಿ ಎಂಟು ಗಂಟೆಯವರೆಗೂ ಕದಲದೆ ನಿಂತಿರುತ್ತದೆ. ಆದರೆ ಈ ಸಲ ನಾನು ಅಲ್ಲಿಗೆ ಹೋದುದು ದೇಶ ನೋಡುವ ಹವ್ಯಾಸದಿಂದಲ್ಲ. ಶಿರಸಿಯ ಸಮೀಪದ ಹಳ್ಳಿಯಲ್ಲಿರುವ ನನ್ನ ಅಕ್ಕ ಹೇಳಿಕಳುಹಿಸಿದ್ದಳು: “ಕೂಸು ಬರ್ಲಿನ್ನಿಗೆ ಹೋಗುತ್ತೇನೆಂದು ಹಟ ಹಿಡಿದು ಕೂತಿದೆ. ನೌಕರಿಯಿಲ್ಲ, ಸಂಬಳವಿಲ್ಲ, ಚಿತ್ರ ಬರೆದು ಬದುಕುತ್ತದೆಯಂತೆ. ನೀನಾದರೂ ಬಂದು ಬುದ್ಧಿ ಹೇಳು.”

ಬುದ್ಧಿ ಹೇಳುವುದಕ್ಕೆ ಮುಂಚೆ ನಾನೂ ಸೊಸೆಯೂ ಮೂರು ದಿನ ಆ ಸೀಮೆಯಲ್ಲಿ ಅಲೆದೆವು. ಆ ಅಲೆದಾಟವೇ ನನಗೆ ಬುದ್ಧಿ ಹೇಳಿತೆಂದರೆ ತಪ್ಪಾಗದು.

ಮೊದಲನೆಯ ದಿನ ಶಿರಸಿಯ ಮಾರಿಕಾಂಬೆಯ ಗುಡಿಗೆ ಹೋದೆವು. ಈ ತಾಯಿಯೂ ಬೇರೆಡೆಯಿಂದ ಬಂದವಳೆಂದೇ ಐತಿಹ್ಯ. ಹಾನಗಲ್ಲಿನ ಜಾತ್ರೆ ಮುಗಿದ ಬಳಿಕ ಮೂರ್ತಿಯನ್ನೂ ಆಭರಣಗಳನ್ನೂ ಇಟ್ಟಿದ್ದ ಪೆಟ್ಟಿಗೆಯನ್ನು ಕಳ್ಳರು ಒಯ್ದು, ಶಿರಸಿಯ ಕೆರೆಯಲ್ಲಿ ಎಸೆದು ಹೋದರಂತೆ. ಅಲ್ಲಿಂದ ಎದ್ದು ಬಂದ ಮರದ ಮೂರ್ತಿಯೇ ಇಂದು ಊರ ದೇವತೆ. ಗುಡಿಯ ಗೋಡೆಗಳ ಮೇಲೆ ಕಾವಿಯ ಚಿತ್ರಗಳಿವೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಾಗಿರುವಾಗಲೇ ಮೊನೆಯಿಂದ ಗೀರಿ ಕೆಂಪನ್ನು ತೆಗೆದರೆ ಅಡಿಯ ಬಿಳುಪು ರೇಖೆಯಾಗಿ ಮೂಡುತ್ತದೆ. ಎರಡೇ ಬಣ್ಣ, ತಿದ್ದುವುದಕ್ಕೆ ಎಡೆಯಿಲ್ಲ. ಗೋವೆಯಿಂದ ಕನ್ನಡ ಕರಾವಳಿಯವರೆಗೂ ಈ ಕಲೆ ಹಬ್ಬಿದೆ. ಕೆಲಸವಿದ್ದಲ್ಲಿಗೆ ಕೈ ಹೋಗಿದೆಯೆಂದು ಇದರಿಂದ ತಿಳಿಯಬಹುದು. ಸೊಸೆ ಬಹಳ ಹೊತ್ತು ಆ ರೇಖೆಗಳ ಮುಂದೆ ನಿಂತಿದ್ದಳು.

ಮರುದಿನ ಸಿದ್ದಾಪುರದ ಕಡೆಗೆ ಹೊರಟೆವು. ಈ ಸೀಮೆಯಲ್ಲಿಯೂ ಸಾಗರ, ಸೊರಬಗಳಲ್ಲಿಯೂ ಗುಡಿಗಾರರೆಂಬ ಕುಶಲಿಗಳ ಮನೆಗಳುಂಟು. ಶ್ರೀಗಂಧದ ಕೆತ್ತನೆಯಲ್ಲಿ ಇವರ ಕೈಗೆ ಸಮನಿಲ್ಲ. ಪೋರ್ತುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ, ಮತಾಂತರಕ್ಕೆ ಅಂಜಿ ತಮ್ಮ ಪೂರ್ವಿಕರು ಉಳಿಗಳ ಗಂಟನ್ನು ಹೊತ್ತು ಬಂದರೆಂಬ ಪ್ರತೀತಿ ಅವರಲ್ಲಿದೆ. ನಾವು ಹೋದ ಮನೆಯ ಜಗಲಿಯ ಮೇಲೆ ಮುದುಕರೊಬ್ಬರು ಬೆಂಡಿನಿಂದ ಬಾಸಿಂಗ ಮಾಡುತ್ತಿದ್ದರು. ಪಕ್ಕದಲ್ಲಿ ಅವರ ಮಗ ಶಿವನೆ ಮರದ ಹಲಗೆಯಲ್ಲಿ ಬಳ್ಳಿಯನ್ನು ಬಿಡಿಸುತ್ತಿದ್ದ.

“ಗಂಧ ಎಲ್ಲಿ?” ಎಂದು ಕೇಳಿದೆ.

“ಗಂಧ ಈಗ ಕಣ್ಣಿಗೆ ಒತ್ತಿಕೊಳ್ಳುವ ಬೆಲೆಗೆ ಬಂದಿದೆ ಸ್ವಾಮಿ,” ಎಂದು ಮುದುಕರು ನಕ್ಕರು. “ನಮ್ಮ ಅಜ್ಜನ ಕಾಲದಲ್ಲಿ ಪೆಟ್ಟಿಗೆ ಕೆತ್ತಿಸಿದರು, ದೊರೆಗಳು ಕೊಂಡರು. ಈಗ ಬಂದ ಕೆಲಸ ಮಾಡುತ್ತೇವೆ. ಮದುವೆಯ ತಿಂಗಳಲ್ಲಿ ಬಾಸಿಂಗ, ಚೌತಿಗೆ ಗಣಪತಿ. ನಮಗೆ ತಿಂಗಳ ಸಂಬಳ ಕೊಟ್ಟವರು ಯಾರೂ ಇಲ್ಲ.”

ಸೊಸೆ ತನ್ನ ಚಿತ್ರಗಳ ಪುಸ್ತಕವನ್ನು ಅವರ ಮುಂದೆ ಇಟ್ಟಳು. ಮುದುಕರು ಒಂದೊಂದೇ ಹಾಳೆ ತಿರುವಿ ನೋಡಿ, “ಕೈ ಇದೆ. ಆದರೆ ತಂಗಿ, ಹೋದ ಊರಿನಲ್ಲಿ ಮೊದಲ ವರ್ಷ ನಿನ್ನ ಕೈಯನ್ನು ಯಾರೂ ನಂಬುವುದಿಲ್ಲ. ಆ ವರ್ಷದ ಅಕ್ಕಿಯನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗು,” ಎಂದರು.

ಮೂರನೆಯ ದಿನ ಸೋದೆಯ ಹಾದಿಯಾಗಿ ಯಲ್ಲಾಪುರಕ್ಕೆ ಬಂದೆವು. ವಾದಿರಾಜರ ಮಠವಿರುವ ಸೋದೆ ಹಿಂದೆ ರಾಜಧಾನಿಯಾಗಿತ್ತು. ಹೈದರನ ಸೇನೆ ಏರಿ ಬಂದಾಗ ಇಲ್ಲಿನ ಕೊನೆಯ ಅರಸು ಓಡಿಹೋಗಿ ಆಶ್ರಯ ಪಡೆದುದು ಗೋವೆಯಲ್ಲಿಯೇ! ಕುಶಲಿಗಳು ಯಾವ ನಾಡನ್ನು ತೊರೆದು ಬಂದರೋ ಅದೇ ನಾಡಿಗೆ ಅರಸು ಹೋಗಿ ಸೇರಿದನು. ಒಬ್ಬರಿಗೆ ಪರದೇಶವಾದುದು ಇನ್ನೊಬ್ಬರಿಗೆ ಮನೆಯಾಗುವ ಬಗೆ ಹೀಗೆ.

ಯಲ್ಲಾಪುರದ ಕಾಡಿನ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಹಿರಿಯರು ಆಫ್ರಿಕದವರು. ಬಹುಮಂದಿ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡನ್ನು ಸೇರಿದರು. 2003ರಲ್ಲಿ ಸರಕಾರವು ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಇವರ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರೆ. ಒಂದು ಮೂಲೆಯಿಂದ ಪ್ರಾರಂಭಿಸಿ, ಅಂಚಿನುದ್ದಕ್ಕೂ ಹೊಲಿಯುತ್ತ ಒಳಗೊಳಗೆ ಸುತ್ತಿಕೊಂಡು ಬಂದು, ಕಡೆಗೆ ನಡುವಿನಲ್ಲಿ ಮುಗಿಸುವುದು ಪದ್ಧತಿ. ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಇಟ್ಟ ಹೂವಿರಬೇಕು. ಅದಿಲ್ಲದ ಕೌದಿ ಬತ್ತಲೆಯೆಂದು ಅವರ ಭಾವನೆ. ಈ ಕೌದಿಗಳು ಅಮೇರಿಕದ ಸಂಗ್ರಹಾಲಯಗಳಲ್ಲಿಯೂ ಪ್ರದರ್ಶಿತವಾಗಿವೆ. ಕೌದಿಯೊಂದನ್ನು ಕೊಂಡು ಬರುವಾಗ ಸೊಸೆ ಮೆಲ್ಲನೆ ಹೇಳಿದಳು: “ಮಾವ, ನಾನು ಇಷ್ಟಪಟ್ಟು ಹೋಗುವವಳು. ಅವರನ್ನು ಎಳೆದುಕೊಂಡು ಬಂದರು. ನಾನು ನನ್ನ ಕಷ್ಟವನ್ನು ದೊಡ್ಡದೆನ್ನಬಾರದು.” ಆ ಮಾತಿನಿಂದ ಹುಡುಗಿ ಬೆಳೆದಿದ್ದಾಳೆಂದು ನನಗೆ ತಿಳಿಯಿತು.

ಆ ರಾತ್ರಿ ಅಡಿಕೆ ಸುಲಿಯುವ ಮಣೆಯ ಸುತ್ತ ಲೆಕ್ಕ ನಡೆಯಿತು. ಓದುಗರಲ್ಲಿ ಇಂಥ ಮಕ್ಕಳುಳ್ಳವರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತೇನೆ. ಜರ್ಮನಿಯ ವಾಸದ ಕಾನೂನಿನ 21ನೆಯ ವಿಧಿಯಲ್ಲಿ, ಯಾರ ಕೈಕೆಳಗೂ ನೌಕರಿ ಮಾಡದೆ ಸ್ವತಂತ್ರ ವೃತ್ತಿ ನಡೆಸುವವರಿಗೆ ಅನುಮತಿ ಕೊಡುವ ಏರ್ಪಾಡುಂಟು. ಚಿತ್ರಕಾರರೂ ಲೇಖಕರೂ ಅದರಲ್ಲಿ ಸೇರುತ್ತಾರೆ. ಕೆಲಸ ಕೊಡುವೆವೆಂದು ಅಲ್ಲಿನವರು ಬರೆದ ಪತ್ರಗಳು, ತನ್ನ ಕೃತಿಗಳ ಮಾದರಿ, ಖರ್ಚು ನಡೆಸುವ ಬಗೆಯ ಲೆಕ್ಕ, ಆರೋಗ್ಯವಿಮೆ ಇವನ್ನು ತೋರಿಸಬೇಕು. ಮನೆ ಸಿಕ್ಕಿದ ಎರಡು ವಾರಗಳಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಕಲಾವಿದರಿಗಾಗಿ 1983ರಿಂದ ಒಂದು ವಿಶೇಷ ವಿಮಾ ನಿಧಿಯೂ ನಡೆದುಬಂದಿದೆ. ಅದಕ್ಕೆ ಸೇರಿದವರು ವಿಮೆಯ ಕಂತಿನ ಅರ್ಧವನ್ನು ಮಾತ್ರ ಕೊಡುತ್ತಾರೆ. ಉಳಿದ ಅರ್ಧವನ್ನು ಅವರ ಕೃತಿಗಳನ್ನು ಬಳಸುವ ಸಂಸ್ಥೆಗಳೂ ಸರಕಾರವೂ ತುಂಬುತ್ತವೆ. ಹಿಂದೆ ಅರಸನೂ ಗುಡಿಯೂ ಕುಶಲಿಯನ್ನು ಸಾಕುತ್ತಿದ್ದ ಜಾಗದಲ್ಲಿ ಇಂದು ಕಾನೂನು ನಿಂತಿದೆ. ಸೊಸೆಗೆ ಎರಡು ಪ್ರಕಾಶನಗಳಿಂದ ಪತ್ರಗಳು ಬಂದಿದ್ದವು.

“ಅಕ್ಕಾ, ತಿಂಗಳ ಸಂಬಳವಿಲ್ಲವೆಂದು ಹೆದರುತ್ತೀಯೆ,” ಎಂದೆ ನಾನು. “ಈ ಮನೆಗೆ ಯಾವ ಕಾಲಕ್ಕೆ ತಿಂಗಳ ಸಂಬಳ ಬಂದಿತ್ತು? ವರ್ಷಕ್ಕೊಂದು ಬೆಳೆ. ಆಷಾಢದಲ್ಲಿ ಕೊಳೆ ಬಂದರೆ ಅದೂ ಇಲ್ಲ.”

ನಾನು ಗೆದ್ದೆನೆಂದೇ ಭಾವಿಸಿದ್ದೆ. ಅಕ್ಕ ಕತ್ತಿಯಿಂದ ಕೈ ತೆಗೆಯದೆ ಹೇಳಿದಳು: “ಕೊಳೆ ಬಂದ ವರ್ಷ ಸೊಸಾಯಿಟಿ ಮುಂಗಡ ಕೊಡುತ್ತದೆ. ಜ್ವರ ಬಂದರೆ ಆಚೆಮನೆಯವರು ಗಂಜಿ ತರುತ್ತಾರೆ. ಅಲ್ಲಿ ಕೂಸಿಗೆ ಯಾರಿದ್ದಾರೆ? ಅದನ್ನು ಹೇಳು.”

ನನ್ನಲ್ಲಿ ಉತ್ತರವಿರಲಿಲ್ಲ. ಶಿರಸಿಯ ತೋಟಗಾರರು 1923ರಲ್ಲಿ ಸಹಕಾರಿ ಸಂಘವನ್ನು ಕಟ್ಟಿಕೊಂಡದ್ದು ಈ ಒಂದು ಪ್ರಶ್ನೆಗೆ ಉತ್ತರವಾಗಿಯಲ್ಲವೆ? ಸ್ವತಂತ್ರವಾಗಿ ದುಡಿಯುವವನಿಗೆ ಕೈಯಲ್ಲಿನ ವಿದ್ಯೆಯಷ್ಟೇ ಸಾಲದು. ಬೀಳುವಾಗ ಹಿಡಿಯುವ ನೆರೆ ಬೇಕು. ಸೊಸೆಯೇ ಕೊನೆಗೆ ಮಾತನಾಡಿದಳು: “ಈಗ ಯಾರೂ ಇಲ್ಲ, ಆಯಿ. ಮಾಡಿಕೊಳ್ಳಬೇಕು. ಒಂದು ವರ್ಷದಲ್ಲಿ ಆಗದಿದ್ದರೆ ತಿರುಗಿ ಬರುತ್ತೇನೆ. ಬರುವುದಕ್ಕೆ ನಾಚುವುದಿಲ್ಲ.”

ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ ಮೂರು ಷರತ್ತುಗಳನ್ನು ಹಾಕಿದಳು: ಒಂದು ವರ್ಷದ ಖರ್ಚು ಕೈಯಲ್ಲಿರಬೇಕು; ತಿರುಗಿ ಬರುವ ಪ್ರಯಾಣದ ಹಣವನ್ನು ಬೇರೆಯಾಗಿಟ್ಟು ಎಂಥ ಕಷ್ಟದಲ್ಲಿಯೂ ಮುಟ್ಟಬಾರದು; ಜ್ವರ ಬಂದರೆ ಮುಚ್ಚಿಡದೆ ಅಂದೇ ತಿಳಿಸಬೇಕು. ಮೊದಲನೆಯದಕ್ಕೆ ಹಣ ಸಾಲದೆ ಹೋದುದರಿಂದ ಹೊರಡುವುದು ದೀಪಾವಳಿಯವರೆಗೆ ಮುಂದೆ ಹೋಯಿತು. ಸೊಸೆ ಮುಖ ಸಣ್ಣದು ಮಾಡಿದರೂ ಒಪ್ಪಿಕೊಂಡಳು.

ತಿರುಗಿ ಬರುವಾಗ ನಾನು ಬನವಾಸಿಯಲ್ಲಿ ಇಳಿದು ಮಧುಕೇಶ್ವರನ ದರ್ಶನ ಮಾಡಿದೆ. ಹತ್ತನೆಯ ಶತಮಾನದಲ್ಲಿ ಪಂಪನು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದು ಕಾವ್ಯ ಬರೆದನು. ಅಲ್ಲಿ ಮನ್ನಣೆಗೆ ಕೊರತೆಯಿರಲಿಲ್ಲ. ಆದರೂ ಅವನ ಕಾವ್ಯದಲ್ಲಿ ಈ ಬನವಾಸಿಯ ನೆನಪು ಉಕ್ಕಿ ಬಂದಿದೆ. ಹೋದವರು ಊರನ್ನು ಮರೆಯುತ್ತಾರೆಂಬ ತಾಯಂದಿರ ಅಂಜಿಕೆಗೆ ಇದಕ್ಕಿಂತ ಹಳೆಯ ಸಮಾಧಾನ ಕನ್ನಡದಲ್ಲಿಲ್ಲ.

ಅಕ್ಕ ಈ ವರ್ಷ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಒಂದು ಭರಣಿ ಹೆಚ್ಚಾಗಿಯೇ ಹಾಕುತ್ತಿದ್ದಾಳೆಂದು ನಿನ್ನೆ ಸುದ್ದಿ ಬಂದಿದೆ.